ನಡೆಯುವವರ ದಾರಿ, ಕುದುರೆಯ ದಾರಿ

ಬೆಳಗಾವಿಯಲ್ಲಿ ಸಾರ್ವಜನಿಕ ಉದ್ಯಾನವೊಂದರೊಳಗೆ ಕುದುರೆ ಸವಾರಿಯ ಕ್ರಾಸ್ ಕಂಟ್ರಿ ಸ್ಪರ್ಧೆ, ಅಂದರೆ ಬಯಲಿನ ಹಾದಿಯಲ್ಲಿ ಅಡೆತಡೆಗಳನ್ನು ಜಿಗಿಯುತ್ತ ಓಡುವ ಪಂದ್ಯ, ನಡೆದಾಗ ನಾನು ಸ್ವಯಂಸೇವಕಿಯಾಗಿ ಹೆಸರು ಕೊಟ್ಟೆ. ನಾನು ಕುದುರೆ ಏರಿದವಳಲ್ಲ. ಚಿಕ್ಕೋಡಿ, ರಾಯಬಾಗದ ಕಡೆಯ ಕುದುರೆ ಗಾಡಿ ಶರ್ಯತ್ತುಗಳನ್ನು ನೋಡುತ್ತ ಬೆಳೆದವಳು, ಅಷ್ಟೇ. ಈ ಕೆಲಸಕ್ಕೆ ಸವಾರಿ ಬರಬೇಕೆಂದಿಲ್ಲ. ನೋಟ ಚುರುಕಾಗಿರಬೇಕು, ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಜಾಗದಲ್ಲಿ ನಿಲ್ಲುವ ತಾಳ್ಮೆ ಇರಬೇಕು.

ನನಗೆ ಸಿಕ್ಕಿದ್ದು ಮರದ ದಿಮ್ಮಿಯ ಅಡೆತಡೆ. ಅದರ ಮುಂದೆಯೇ ವಾಯುವಿಹಾರದ ಕಾಲುದಾರಿ ಓಟದ ಹಾದಿಯನ್ನು ದಾಟುತ್ತಿತ್ತು. ಹಾಗಾಗಿ ತೀರ್ಪು ಬರೆಯುವುದು, ಜನರನ್ನು ತಡೆಯುವುದು ಎರಡೂ ನನ್ನ ಪಾಲಿಗೆ ಬಂದವು. ಕಷ್ಟದ್ದು ಎರಡನೆಯದು. ಉದ್ಯಾನ ಜನರದ್ದು. ದಿನವೂ ನಡೆಯುವ ಹಿರಿಯರಿಗೆ ಇಡೀ ಬೆಳಗು ದಾರಿ ಮುಚ್ಚಿದೆ ಎಂದು ಹೇಳುವ ಹಕ್ಕು ನಮಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕುದುರೆ ಬರುವಾಗ ಮಾತ್ರ ಮುಚ್ಚಬೇಕು, ಹೋದ ಕೂಡಲೇ ತೆರೆಯಬೇಕು.

ಅದಕ್ಕೆ ಲೆಕ್ಕ ಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯ ಮೇಲಿನ ಹಂತದಲ್ಲಿ ಕುದುರೆಗಳು ನಿಮಿಷಕ್ಕೆ 570 ಮೀಟರ್ ವೇಗದಲ್ಲಿ ಓಡುತ್ತವೆ. ಹೊಸಬರ ಕುದುರೆ ನಿಮಿಷಕ್ಕೆ 400 ಮೀಟರ್ ವೇಗದಲ್ಲಿ ಬಂದರೂ 100 ಮೀಟರ್ ದಾಟಲು 15 ಸೆಕೆಂಡ್ ಸಾಕು. ಊರುಗೋಲು ಹಿಡಿದ ಅಜ್ಜ ಅಷ್ಟರೊಳಗೆ ಹಾದಿ ದಾಟಿ ಮುಗಿಸಲಾರರು. ಆದ್ದರಿಂದ ಕುದುರೆ ಕಣ್ಣಿಗೆ ಬೀಳುವವರೆಗೆ ಕಾಯುತ್ತಿರಲಿಲ್ಲ. ಹಿಂದಿನ ಅಡೆತಡೆ ದಾಟಿತು ಎಂದು ವಾಕಿ ಟಾಕಿಯಲ್ಲಿ ಕೇಳಿದೊಡನೆ ಸೀಟಿ ಊದಿ ಹಗ್ಗ ಎಳೆಯುತ್ತಿದ್ದೆ. ಅದಕ್ಕಿಂತ ಮೊದಲೇ ಎಳೆದರೆ ಜನ ಬೇಸತ್ತು ಹಗ್ಗದ ಕೆಳಗೆ ನುಸುಳುತ್ತಾರೆ. ಸೀಟಿಯ ಜೊತೆಗೆ ಕನ್ನಡದ ‘ನಿಲ್ಲಿರಿ’, ಮರಾಠಿಯ ‘ಥಾಂಬಾ’ ಎರಡನ್ನೂ ಕೂಗಬೇಕು. ನಮ್ಮ ಊರಿನಲ್ಲಿ ಒಂದೇ ಭಾಷೆಯಲ್ಲಿ ಕೂಗಿದರೆ ಅರ್ಧ ಜನ ನಡೆಯುತ್ತಲೇ ಇರುತ್ತಾರೆ. “ಕಾಕಾ, ಒಂದೇ ನಿಮಿಷ, ಕುದುರೆ ಹೋಗಲಿ” ಎಂದು ಕಾರಣ ಹೇಳಿದಾಗ ಯಾರೂ ಜಗಳಕ್ಕೆ ಬರಲಿಲ್ಲ. ಕೊಡೆ ಬಿಚ್ಚಬೇಡಿ, ನಾಯಿಯನ್ನು ಗಿಡ್ಡ ಹಗ್ಗದಲ್ಲಿ ಹಿಡಿಯಿರಿ, ಮಗುವಿನ ಬಲೂನನ್ನು ಹಿಂದೆ ಮರೆಮಾಡಿ ಎಂಬ ಮೂರು ಮಾತನ್ನು ಮಾತ್ರ ಬಿಡದೆ ಹೇಳುತ್ತಿದ್ದೆ. ಜಿಗಿಯುವ ಕ್ಷಣದಲ್ಲಿ ಕುದುರೆಯ ಗಮನ ಪಕ್ಕಕ್ಕೆ ಹರಿದರೆ ಸವಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಯಾರು ಮೊದಲು ಎಂದು ಎಲ್ಲರೂ ಕೇಳುತ್ತಿದ್ದರು. ಇಲ್ಲಿ ಕುದುರೆಗಳು ಒಟ್ಟಿಗೆ ಓಡುವುದಿಲ್ಲ, ಅಂತರ ಬಿಟ್ಟು ಒಂದೊಂದಾಗಿ ಹೊರಡುತ್ತವೆ. ಡ್ರೆಸಾಜ್ (ಸವಾರನ ಸೂಚನೆಯಂತೆ ಕುದುರೆ ಹೆಜ್ಜೆ ಹಾಕುವುದು), ಕ್ರಾಸ್ ಕಂಟ್ರಿ, ಶೋ ಜಂಪಿಂಗ್ (ಅಂಗಣದಲ್ಲಿ ಕಂಬಗಳ ಮೇಲೆ ಜಿಗಿಯುವುದು) ಮೂರೂ ಸೇರಿದರೆ ಇವೆಂಟಿಂಗ್ ಎಂಬ ಸ್ಪರ್ಧೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದದ್ದು ಇದರಲ್ಲೇ ಎಂದಾಗ ಶಾಲೆಯ ಹುಡುಗರ ಮುಖ ಅರಳಿತು.

ತೀರ್ಪಿನ ಕೆಲಸ ಹೀಗೆ: ಬಲಕ್ಕೆ ಕೆಂಪು ಬಾವುಟ, ಎಡಕ್ಕೆ ಬಿಳಿ, ಕುದುರೆ ಎರಡರ ನಡುವೆ ಜಿಗಿಯಬೇಕು. ನಿರಾಕರಿಸಿದರೆ 20 ದಂಡದ ಅಂಕ, ಅದೇ ಅಡೆತಡೆಯಲ್ಲಿ ಮತ್ತೊಮ್ಮೆ ನಿರಾಕರಿಸಿದರೆ 40, ಮೂರನೆಯ ಬಾರಿಗೆ ಸ್ಪರ್ಧೆಯಿಂದಲೇ ಹೊರಗೆ. ಸವಾರ ಬಿದ್ದರೂ ಹೊರಗೆ. ಕಂಡದ್ದನ್ನು ಕೂಡಲೇ ಬರೆಯಬೇಕು, ಬರೆಯುವ ಮುನ್ನ ಅಕ್ಕಪಕ್ಕದವರ ಮಾತಿಗೆ ಕಿವಿಗೊಡಬಾರದು. ಒಂದು ಕಂದು ಕುದುರೆ ದಿಮ್ಮಿಯ ಮುಂದೆ ನಿಂತುಬಿಟ್ಟಿತು, ಮರುಕ್ಷಣ ಸುತ್ತು ಹಾಕಿ ಬಂದು ಜಿಗಿಯಿತು. “ನಿಂತೇ ಇಲ್ಲ ಅಕ್ಕಾ” ಎಂದು ಸವಾರನ ಕಡೆಯವರು ವಾದಿಸಿದರು. ನಾನು 20 ಎಂದು ಬರೆದಾಗಿತ್ತು, ಕುದುರೆ ಸುತ್ತಿದ ದಾರಿಯನ್ನು ಹಾಳೆಯ ಹಿಂದೆ ಗೀಟು ಎಳೆದು ತೋರಿಸಿದ್ದೆ. ಮೇಲ್ವಿಚಾರಕರಿಗೆ ಆ ಗೀಟು ಸಾಕಾಯಿತು.

ನಡುವೆ ಮುಂದಿನ ಅಡೆತಡೆಯಲ್ಲಿ ಒಬ್ಬ ಸವಾರ ಬಿದ್ದ. ಹಿಂದೆ ಬರುತ್ತಿದ್ದ ಹುಡುಗಿಯನ್ನು ನಾನು ತಡೆಯಬೇಕಾಯಿತು. ಕುದುರೆಯ ಮುಂದೆ ಥಟ್ಟನೆ ಹಾರಬಾರದು. ದೂರದಿಂದಲೇ ಕಾಣುವಂತೆ ಹಾದಿಯಲ್ಲಿ ನಿಂತು ಬಾವುಟ ಬೀಸಬೇಕು. ಮೊದಲೇ ಗುರುತಿಸಿದ ಗೂಟವನ್ನು ಕುದುರೆ ದಾಟಿದ ಕ್ಷಣಕ್ಕೆ ಸ್ಟಾಪ್‌ವಾಚ್ ಒತ್ತಬೇಕು, ಮತ್ತೆ ಬಿಟ್ಟಾಗ ಅದೇ ಗೂಟವನ್ನು ದಾಟುವ ಕ್ಷಣಕ್ಕೆ ನಿಲ್ಲಿಸಬೇಕು. ನಡುವಿನ ಹೊತ್ತನ್ನು ಅವಳ ಒಟ್ಟು ಸಮಯದಿಂದ ಕಳೆಯುತ್ತಾರೆ. ನಿಗದಿತ ಸಮಯ ಮೀರಿದ ಪ್ರತಿ ಸೆಕೆಂಡಿಗೆ 0.4 ಅಂಕ ದಂಡವಿರುವಾಗ ನನ್ನ ಬೆರಳು ತಡವಾದರೆ ನಷ್ಟ ಅವಳದು. “ನನ್ನ ಸಮಯ ಹೋಯಿತೇ?” ಎಂದು ಕೇಳಿದಳು, ದನಿ ನಡುಗುತ್ತಿತ್ತು. ಗಡಿಯಾರ ತೋರಿಸಿ, ಮೈ ತಣ್ಣಗಾಗದಂತೆ ಕುದುರೆಯನ್ನು ನಡೆಸುತ್ತಿರು ಎಂದೆ. ಬಿದ್ದವನು ಎದ್ದು ನಡೆದುಹೋದ ಸುದ್ದಿ ಬಂದ ಮೇಲೆ ಅವಳನ್ನು ಬಿಟ್ಟೆವು. ದಿಮ್ಮಿಯನ್ನು ಹಗುರವಾಗಿ ದಾಟಿದಳು.

ಸ್ಪರ್ಧೆ ಮುಗಿದ ಮೇಲೆ ಗೊರಸಿನ ಗುಳಿಗಳಿಗೆ ಕೆಮ್ಮಣ್ಣು ತುಂಬಿ ತುಳಿದೆವು, ಸಂಜೆ ನಡೆಯಲು ಬರುವವರ ಕಾಲು ಉಳುಕಬಾರದಲ್ಲ. ಆಯೋಜಕರಿಗೆ ಒಂದು ಮಾತು ಬರೆದುಕೊಟ್ಟು ಬಂದೆ: ಯಾವ ದಾರಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬ ಫಲಕ ಹಿಂದಿನ ದಿನವೇ ಎಲ್ಲ ಗೇಟುಗಳಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಇರಲಿ, ಮತ್ತು ಕಾಲುದಾರಿ ದಾಟುವ ಅಡೆತಡೆಗೆ ಒಬ್ಬರಲ್ಲ, ಇಬ್ಬರು ನಿಲ್ಲಲಿ.