ಉತ್ತರ ಕತ್ತರಿಸಿದೆ, ಪ್ರಶ್ನೆ ಉಳಿಸಿಕೊಂಡೆ

ವಿಡಿಯೋ ಸಂದರ್ಶನದಲ್ಲಿ ಪ್ರಶ್ನೆಗೆ ಜಾಗ ಸಿಗುವುದು ಕಡಿಮೆ. "ಪ್ರಶ್ನೆಯನ್ನೂ ಸೇರಿಸಿಕೊಂಡೇ ಉತ್ತರ ಹೇಳಿ" ಅಂತ ಎದುರಿನವರಿಗೆ ಮೊದಲೇ ಹೇಳಿರುತ್ತೇವೆ. ಆಮೇಲೆ ಎಡಿಟಿಂಗ್‌ನಲ್ಲಿ ಕೇಳಿದವರ ದನಿಯನ್ನೇ ತೆಗೆದುಬಿಡುತ್ತೇವೆ. ಪತ್ರಕರ್ತರ ಕುತೂಹಲದ ಬಗ್ಗೆ ಕಿರುಚಿತ್ರ ಮಾಡಲು ಹೊರಟಾಗ ನಾನು ಇದನ್ನು ತಿರುಗಾಮುರುಗಾ ಮಾಡಿದೆ. ಚಿತ್ರ ಬರೆಯುವುದು, ಅನಿಮೇಷನ್, ಸೌಂಡ್, ಎಡಿಟಿಂಗ್ ಎಲ್ಲ ನನ್ನದೇ. ಹಾಗಾಗಿ ಯಾರನ್ನೂ ಒಪ್ಪಿಸುವ ತಾಪತ್ರಯ ಇರಲಿಲ್ಲ.

ಮುಖ್ಯ ಕ್ಯಾಮೆರಾ ಇಟ್ಟಿದ್ದು ಕೇಳುವವರ ಮುಖದ ಮೇಲೆ. ಮೊದಲ ಪ್ರಶ್ನೆಯಲ್ಲಿ ಏನೂ ಸಿಗುವುದಿಲ್ಲ, ಅದನ್ನು ಮೊದಲೇ ಬರೆದುಕೊಂಡು ಬಂದಿರುತ್ತಾರೆ. ನನಗೆ ಬೇಕಿದ್ದದ್ದು ಎರಡನೆಯದು. ಒಂದು ಕಡೆ ವರದಿಗಾರ್ತಿಯೊಬ್ಬರು ಲೆಕ್ಕದ ಪುಸ್ತಕದ ಬಗ್ಗೆ ಕೇಳುತ್ತಿದ್ದಾರೆ. ಎದುರಿನವರು, "ಆ ಒಂದು ತಿಂಗಳು ಬಿಟ್ಟರೆ ಎಲ್ಲ ಸರಿಯಿದೆ" ಅಂದರು. ಬರೆಯುತ್ತಿದ್ದ ಪೆನ್ನು ನಿಂತಿತು. ತಲೆ ಎತ್ತಲಿಲ್ಲ, ಹುಬ್ಬು ಮಾತ್ರ ಮೇಲೆ ಹೋಯಿತು. ಆಮೇಲೆ ಮೆಲ್ಲಗೆ, "ಯಾವ ತಿಂಗಳು?" ಇಡೀ ಚಿತ್ರ ನಿಂತಿರುವುದು ಇಂಥ ಕ್ಷಣಗಳ ಮೇಲೆ.

ಮನುಷ್ಯರ ವರ್ತನೆಯನ್ನು ಅಧ್ಯಯನ ಮಾಡುವ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಒಂದು ವಿಚಾರ ಮುಂದಿಟ್ಟರು: ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನಿಸುವುದಕ್ಕೂ ನಡುವಿನ ಅಂತರವೇ ಕುತೂಹಲ ಹುಟ್ಟಿಸುತ್ತದೆ. ಅಂದರೆ ಏನೂ ಗೊತ್ತಿಲ್ಲದವನಿಗೆ ಕುತೂಹಲವೂ ಕಡಿಮೆ. ಎಡಿಟಿಂಗ್‌ನಲ್ಲಿ ನನಗೆ ಇದು ತುಂಬಾ ಕೆಲಸಕ್ಕೆ ಬಂತು. ಆ ಲೆಕ್ಕದ ಪುಸ್ತಕದ ಒಂದು ಪುಟವನ್ನು ಮೊದಲೇ ತೋರಿಸಿದೆ. ನೋಡುವವರಿಗೂ ಅರ್ಧ ಗೊತ್ತಿರಬೇಕು, ಇಲ್ಲದಿದ್ದರೆ ಆ ಹುಬ್ಬು ಸುಮ್ನೆ ಹುಬ್ಬು ಅಷ್ಟೇ.

ಪೆನ್ನು ನಿಂತ ಮೇಲಿನ ಮೌನವನ್ನು ಹಾಗೇ ಇಟ್ಟೆ. ಇದಕ್ಕೆ ರೂಂ ಟೋನ್ ಬೇಕೇ ಬೇಕು. ಯಾರೂ ಮಾತಾಡದೆ ಅರ್ಧ ನಿಮಿಷ ಆ ಕೋಣೆಯ ಸದ್ದನ್ನೇ ರೆಕಾರ್ಡ್ ಮಾಡಿಕೊಳ್ಳಬೇಕು. ಎಡಿಟ್ ಮಾಡಿದ ಜಾಗದಲ್ಲಿ ಅದನ್ನು ತುಂಬದಿದ್ದರೆ ಸ್ಪೀಕರ್ ಕೆಟ್ಟಿತೇನೋ ಅನಿಸುತ್ತದೆ. ಕೆಲವು ಕಡೆ ಪ್ರಶ್ನೆಯ ದನಿ ಮೊದಲು ಬರುತ್ತದೆ, ಕೇಳಿದವರ ಮುಖ ಆಮೇಲೆ. ಎಡಿಟರ್‌ಗಳು ಜೆ-ಕಟ್ ಅನ್ನುವುದು ಇದಕ್ಕೇ.

ನಡುವೆ ನೆಲ್ಲಿ ಬ್ಲೈ ಬರುತ್ತಾರೆ. 1887ರಲ್ಲಿ ಹುಚ್ಚಿಯಂತೆ ನಟಿಸಿ ನ್ಯೂಯಾರ್ಕ್‌ನ ಮಾನಸಿಕ ಆಸ್ಪತ್ರೆ ಸೇರಿ, 10 ದಿನ ಒಳಗಿದ್ದು ವರದಿ ಬರೆದ ಪತ್ರಕರ್ತೆ. ಒಳಗೆ ಹೋದ ಮೇಲೆ ಅವರು ನಟನೆ ಬಿಟ್ಟು ಮಾಮೂಲಿಯಾಗಿಯೇ ಇದ್ದರು. ಆದರೂ ಅಲ್ಲಿಯವರು ನಂಬಲಿಲ್ಲ. ಈ ಭಾಗವನ್ನು ಕತ್ತರಿಸಿದ ಕಾಗದದ ಬೊಂಬೆಗಳಲ್ಲಿ ಮಾಡಿದೆ: ಸೆಕೆಂಡಿಗೆ 24 ಫ್ರೇಮ್, ಒಂದು ಭಂಗಿಗೆ ಎರಡು ಫ್ರೇಮ್, ಅಂದರೆ ಸೆಕೆಂಡಿಗೆ 12 ಸಲ ಬೊಂಬೆ ಸರಿಸಬೇಕು. ಚಲನೆ ಸ್ವಲ್ಪ ಕುಂಟುತ್ತದೆ. ಹಳೆಯ ಕಥೆಗೆ ಅದೇ ಚೆನ್ನ ಅಲ್ವಾ?

ಉತ್ತರ ಕತ್ತರಿಸುವಾಗ ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಒಂದು ಪ್ರಶ್ನೆಯ ಮುಖಭಾವ ತಂದು ಇನ್ನೊಂದಕ್ಕೆ ಅಂಟಿಸಬಾರದು. ಅದು ಸುಳ್ಳು. ಚಿತ್ರದಲ್ಲಿ ಇದ್ದವರಿಗೆಲ್ಲ ಎಡಿಟ್ ತೋರಿಸಿದೆ. ಒಬ್ಬರು ಮಾತ್ರ ತಮ್ಮ ಉತ್ತರ ಪೂರ್ತಿ ಇರಲೇಬೇಕು ಅಂದರು. ಇಟ್ಟೆ. ಅಲ್ಲಿ ಚಿತ್ರ ಸ್ವಲ್ಪ ಜಗ್ಗುತ್ತದೆ, ಜಗ್ಗಲಿ.