ಬೇಜಾರು ಅನ್ನೋ ಪದ ಬಿಟ್ಟು ಹೇಳಿ

ನಮ್ಮದು ಮೈಸೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. 8ನೇ ತರಗತಿಯ 11 ಮಕ್ಕಳಿಗೆ ನಾನು ಮೆಂಟರ್. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮುಕ್ಕಾಲು ಗಂಟೆ ಅವರ ಜೊತೆ ಕೂರಬೇಕು. ತನ್ನನ್ನು ಅರಿಯುವುದು, ತನ್ನನ್ನು ಹಿಡಿತದಲ್ಲಿಟ್ಟುಕೊಳ್ಳುವುದು, ಇತರರನ್ನು ಅರಿಯುವುದು, ಸಂಬಂಧ ನಿಭಾಯಿಸುವುದು, ಯೋಚಿಸಿ ನಿರ್ಧರಿಸುವುದು: ಮಕ್ಕಳ ಭಾವನೆ, ಒಡನಾಟದ ಕಲಿಕೆಗಾಗಿ ಕೆಲಸ ಮಾಡುವ ಅಮೆರಿಕದ ಕ್ಯಾಸೆಲ್ ಸಂಸ್ಥೆ ಹೇಳುವ ಈ 5 ಕೌಶಲಗಳನ್ನು ತರಬೇತಿಯಲ್ಲಿ ಬಾಯಿಪಾಠ ಆಗುವಷ್ಟು ಹೇಳಿದ್ದರು. ಕೈಗೆ ಮುಖಭಾವದ ಕಾರ್ಡುಗಳ ಕಟ್ಟೊಂದನ್ನೂ ಕೊಟ್ಟಿದ್ದರು.

ಮೊದಲ ದಿನ ಕಾರ್ಡು ಹರಡಿ, "ಇವತ್ತು ನಿಮಗೆ ಹೇಗನ್ನಿಸ್ತಿದೆ?" ಅಂದೆ. ಆರು ಜನ "ಚೆನ್ನಾಗಿದೀವಿ ಮಿಸ್" ಅಂದರು, ಐದು ಜನ "ಬೇಜಾರು ಮಿಸ್" ಅಂದರು. ಅಲ್ಲಿಗೆ ಮುಗೀತು. ಇನ್ನೂ 40 ನಿಮಿಷ ಬಾಕಿ!

ತಪ್ಪು ಮಕ್ಕಳದಲ್ಲ. ನಮ್ಮ ಮಾತಿನಲ್ಲಿ ಪಾಠ ಹಿಡಿಸದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರೇ.

ಮೂರನೇ ವಾರ ಕಾರ್ಡುಗಳನ್ನು ಬೀರುವಿಗೆ ಸೇರಿಸಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ಚೌಕಾಬಾರ ಬರೆದೆ. ಕವಡೆ ಇರಲಿಲ್ಲ. ಹುಣಸೆಬೀಜ ತಂದು ಮೆಟ್ಟಿಲ ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರು. ಉಜ್ಜುತ್ತಾ ಉಜ್ಜುತ್ತಾ ಮಾತು ತಾನಾಗಿ ಶುರುವಾಯಿತು. ಕಣ್ಣು ಬೀಜದ ಮೇಲಿದ್ದರೆ ಬಾಯಿ ಬೇಗ ಬಿಡುತ್ತದೆ, ನನ್ನ ಮುಖ ನೋಡಿಕೊಂಡು ಕೂತರೆ ಬಿಡುವುದಿಲ್ಲ.

ಚೌಕಾಬಾರದಲ್ಲಿ ಇನ್ನೊಬ್ಬರ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹಾಗಾಗಿ ಯಾರಿಗಾದರೂ ನೋವಾಗಲೇಬೇಕು. ನಾನು ಸೇರಿಸಿದ ನಿಯಮ ಒಂದೇ: ಕಾಯಿ ಹೊಡೆಸಿಕೊಂಡವರು ಹೇಗನ್ನಿಸಿತು ಅಂತ ಹೇಳಬೇಕು, 'ಬೇಜಾರು' ಅನ್ನುವ ಹಾಗಿಲ್ಲ. ಎಂಟು ಜನ ಆಡಿದರೆ ಉಳಿದ ಮೂವರಿಗೆ ಆಡುವವರ ಮುಖ ನೋಡುವ ಕೆಲಸ.

ಒಂದು ದಿನ ಒಬ್ಬನ ಕಾಯಿ ಹಣ್ಣಾಗಲು ಎರಡೇ ಮನೆ ಇದ್ದಾಗ ಹೊಡೆತ ಬಿತ್ತು. ಬೀಜಗಳನ್ನೆಲ್ಲ ಒದ್ದುಬಿಟ್ಟ. ಬೈಯಲು ಬಾಯಿ ತೆರೆದವಳು ಹೇಗೋ ತಡೆದುಕೊಂಡೆ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಬಗ್ಗಿ ಬೀಜ ಆರಿಸುತ್ತಾ, "ಕಾಯಿ ಹೊಡೆದಿದ್ದಕ್ಕಲ್ಲ ಮಿಸ್. ಅವನು ನಕ್ಕ. ಅವಮಾನ ಆಯ್ತು" ಅಂದ. ಹೊಡೆದವನು ತಲೆ ತಗ್ಗಿಸಿ, "ನಂಗೆ ದಿಗಿಲಾಗಿ ನಗು ಬಂತು ಕಣೋ, ನೀನು ನಂಗೆ ಹೊಡೀತೀಯ ಅಂತ" ಅಂದ.

ನಾನು ಎಡವಿದ್ದೂ ಉಂಟು. ಒಬ್ಬಳು ಏನೋ ಹೇಳಲು ಬಂದಾಗ "ಯಾರಿಗೂ ಹೇಳಲ್ಲ" ಎಂದು ಮೊದಲೇ ಮಾತು ಕೊಟ್ಟುಬಿಟ್ಟೆ. ಪುಣ್ಯಕ್ಕೆ ಅದು ಬಚ್ಚಿಟ್ಟ ಅಂಕಪಟ್ಟಿಯ ವಿಷಯ. ಲೈಂಗಿಕ ದೌರ್ಜನ್ಯದ ಮಾತಾಗಿದ್ದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ನಾನು ದೂರು ಕೊಡಲೇಬೇಕಿತ್ತು, ಕೊಟ್ಟ ಮಾತು ಮುರಿಯಲೇಬೇಕಿತ್ತು. ಈಗ ಮೊದಲ ದಿನವೇ ಹೇಳುತ್ತೇನೆ: "ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತೆ. ಆದರೆ ಯಾರಾದರೂ ನಿಮ್ಮನ್ನ ನೋಯಿಸ್ತಿದ್ರೆ ನಾನು ಸುಮ್ಮನಿರಲ್ಲ." ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆ ಮೇಲೆ ದಪ್ಪಗೆ ಬರೆಸಿದ್ದೇನೆ.

ಅದರ ಪಕ್ಕದ ಡ್ರಾಯಿಂಗ್ ಶೀಟಿನಲ್ಲಿ ಮಕ್ಕಳು ಸೇರಿಸಿದ ಪದಗಳಿವೆ: ಮುನಿಸು, ಹೊಟ್ಟೆಕಿಚ್ಚು, ಕಸಿವಿಸಿ, ದಿಗಿಲು, ಅವಮಾನ. ಮೊನ್ನೆ ಶನಿವಾರ ನಾನು ತಡವಾಗಿ ಬಂದು ಎಲ್ಲರ ಮೇಲೂ ಸಿಡುಕಿದಾಗ ಒಬ್ಬ ಅದನ್ನು ತೋರಿಸಿ, "ನಿಮ್ದು ಯಾವ್ದು ಮಿಸ್?" ಅಂದ. ಹತ್ತಿರ ಹೋಗಿ ಹುಡುಕಿದೆ. ನನ್ನದು ಅಲ್ಲಿರಲಿಲ್ಲ. ಸ್ಕೆಚ್ ಪೆನ್ನು ಈಸಿಕೊಂಡು 'ಸುಸ್ತು' ಅಂತ ಬರೆದೆ.