ಕೇಬಲ್‌ನವರ ಲ್ಯಾಂಡ್‌ಲೈನ್ ಹಾಕಿಸುವ ಮುನ್ನ
ಬ್ರಾಡ್‌ಬ್ಯಾಂಡ್ ಜೊತೆಗೆ ಬರುವ ಲ್ಯಾಂಡ್‌ಲೈನ್ ಅಗ್ಗ, ಧ್ವನಿಯೂ ಸ್ಪಷ್ಟ. ತೊಡಕಿರುವುದು ಕರೆಂಟಿನಲ್ಲಿ. ಹಳೇ ತಾಮ್ರದ ತಂತಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಕೇಬಲ್‌ನವರು ಎಳೆಯುವ ಫೈಬರ್ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಹರಿಯದು, ಮೋಡೆಮ್ ಆರಿದರೆ ಫೋನೂ ಸತ್ತಂತೆ. ಮೋಡೆಮ್‌ನ ಅಡಾಪ್ಟರ್ ಮೇಲಿನ ವೋಲ್ಟ್ (ಹೆಚ್ಚಾಗಿ 12), ಆಂಪಿಯರ್ ಎರಡನ್ನೂ ನೋಡಿ ಅದಕ್ಕೆ ಹೊಂದುವ ಮಿನಿ ಯುಪಿಎಸ್ (ಕರೆಂಟು ಹೋದಾಗ ಮೋಡೆಮ್ ನಡೆಸುವ ಪುಟ್ಟ ಬ್ಯಾಟರಿ) ತನ್ನಿ. ಆಂಪಿಯರ್ ಸಾಲದಿದ್ದರೆ ಮೋಡೆಮ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಕಾರ್ಡ್‌ಲೆಸ್ ಬೇಡ, ಅದರ ಬೇಸಿಗೂ ಕರೆಂಟು ಬೇಕು. ತಂತಿಯ ಫೋನನ್ನೇ ಮೋಡೆಮ್‌ನ ಫೋನ್ ಪೋರ್ಟಿಗೆ ಸಿಕ್ಕಿಸಿ. ಆಪರೇಟರ್ ಆಫೀಸಿನಲ್ಲಿ ಬ್ಯಾಟರಿ ಬ್ಯಾಕಪ್ ಎಷ್ಟು ಗಂಟೆ ಅಂತ ಮೊದಲೇ ಕೇಳಿ. ಅಲ್ಲಿಲ್ಲದಿದ್ದರೆ ನಿಮ್ಮ ಯುಪಿಎಸ್ ದಂಡ. ಇನ್ನೊಂದು: ಮೊಬೈಲ್‌ನಂತೆ ಲ್ಯಾಂಡ್‌ಲೈನ್ ನಂಬರು ಬೇರೆ ಕಂಪನಿಗೆ ಪೋರ್ಟ್ ಆಗದು. ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ಕೊಟ್ಟ ಹಳೇ ನಂಬರನ್ನು ಅವಸರದಲ್ಲಿ ಸರೆಂಡರ್ ಮಾಡಬೇಡಿ.